ಎಂಜಲು ಉಳಿದ ಪರೀಕ್ಷೆ

ಪಡಿಯಾರರು ಮುದ್ದೆಯನ್ನು ಅಗಿಯುತ್ತಿದ್ದರು. ಕಂಪನಿಯ ಕ್ಯಾಂಟೀನಿನಲ್ಲಿ, ಎಲ್ಲರ ಎದುರು, ಒಂದಿಷ್ಟೂ ನಾಚಿಕೆಯಿಲ್ಲದೆ ದವಡೆ ಆಡಿಸಿ ಆಡಿಸಿ ಅಗಿಯುತ್ತಿದ್ದರು. ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ನೋಡುವುದೇ ಒಂದು ಹಿಂಸೆ. ಮುದ್ದೆಯನ್ನು ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ಬಾಯಿಗಿಟ್ಟು ನುಂಗಬೇಕು. ಹಲ್ಲಿಗೂ ಮುದ್ದೆಗೂ ಯಾವ ಸಂಬಂಧವೂ ಇಲ್ಲ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ರುಚಿ ಕೆಡುತ್ತದೆ, ಪಕ್ಕದವರು ನಗುತ್ತಾರೆ. ಕುಂದಾಪುರದ ಕಡೆಯ ಅಚ್ಯುತ ಪಡಿಯಾರರಿಗೆ ಹದಿನಾಲ್ಕು ವರ್ಷಗಳಿಂದ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಇಡೀ ವಿಭಾಗಕ್ಕೆ ಮುಖ್ಯಸ್ಥರು, ಹೇಳುವವರು ಯಾರು?

"ಸಾರ್, ಅದನ್ನ ನುಂಗಬೇಕು," ಎಂದಳು ಗೌರಾಂಬಿಕೆ, ಕೊನೆಗೂ ತಡೆಯಲಾರದೆ.

"ಅಗಿಯದೆ ನುಂಗುವುದಾ? ಎಂಥದು ಮಾರಾಯ್ರೆ, ಗಂಟಲಲ್ಲಿ ಸಿಕ್ಕಿಕೊಂಡ್ರೆ ಎಂತ ಮಾಡುದು?"

ಮೇಜಿನ ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌರಾ ಕೂಡ ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು. ಗಂಟಲಲ್ಲಿ ಏನಾಗುತ್ತದೆ ಎಂದು ನೋಡಿಕೊಳ್ಳುವುದೇ ಆ ವಿಭಾಗದ ಕೆಲಸ. ಪಡಿಯಾರರಿಗೆ ಗೊತ್ತಿಲ್ಲದ್ದು ತಾವು ಮಾಡಿದ ಯಂತ್ರಕ್ಕೂ ಗೊತ್ತಿಲ್ಲದೆ ಇರಬಹುದು ಎಂದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು.

ಆ ಯಂತ್ರದ ಹೆಸರು ಗುಟುಕು. ಅವರೆಕಾಳಿನಷ್ಟು ದೊಡ್ಡದು. ಲಕ್ವ ಹೊಡೆದು ನುಂಗುವ ಶಕ್ತಿ ಕಳೆದುಕೊಂಡವರ ಕತ್ತಿನ ಬುಡದಲ್ಲಿ, ಚರ್ಮದ ಕೆಳಗೆ ಅದನ್ನು ಕೂರಿಸುತ್ತಿದ್ದರು. ನಾವೆಲ್ಲ ದಿನಕ್ಕೆ ನೂರಾರು ಸಲ ಯೋಚನೆಯನ್ನೇ ಮಾಡದೆ ನುಂಗುತ್ತೇವೆ. ಪ್ರತಿ ಸಲವೂ ಉಸಿರಿನ ದಾರಿ ಮುಚ್ಚಿ ಅನ್ನದ ದಾರಿ ತೆರೆಯುತ್ತದೆ. ಲಕ್ವ ಹೊಡೆದವರಲ್ಲಿ ಈ ಏರ್ಪಾಡು ಕೆಟ್ಟುಹೋದರೆ ತುತ್ತು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಮೂಗಿನ ನಳಿಕೆಯೇ ಗತಿ. ಗುಟುಕು ಬಂದ ಮೇಲೆ ಅಂಥವರು ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂತರು. ನಾಲಿಗೆಯ ಹಿಂದೆ ಏನಾದರೂ ಬಂತೆಂದರೆ ಅದು ಹೂವಿನಂತೆ ನವಿರಾದ ತಂತಿಗಳಿಂದ ಕೊರಳಿನ ಸ್ನಾಯುಗಳನ್ನು ಎಬ್ಬಿಸಿ ಉಸಿರಿನ ಬಾಗಿಲು ಹಾಕುತ್ತಿತ್ತು.

ಅದರೊಳಗಿನ ತಂತ್ರಾಂಶ ನೂರಾರು ಸಣ್ಣ ತುಣುಕುಗಳದ್ದು. ಒಂದೊಂದು ತುಣುಕಿಗೂ ಒಂದೊಂದು ಬಿಡಿ ಪರೀಕ್ಷೆ: ಇದಕ್ಕೆ ಇಂಥದ್ದು ಕೊಟ್ಟರೆ ಇಂಥದ್ದೇ ಮಾಡುತ್ತದೆಯೇ? ಮಾಡಿದರೆ ಪರದೆಯ ಮೇಲೆ ಹಸಿರು, ಇಲ್ಲವಾದರೆ ಕೆಂಪು. ಆ ಪರೀಕ್ಷೆಗಳಿಗೆಲ್ಲ ಗೌರಾಂಬಿಕೆಯೇ ಯಜಮಾನಿ. ಅವಳು ಅಂದು ಮಧ್ಯಾಹ್ನವೇ ಆಹಾರದ ಪಟ್ಟಿ ತೆಗೆದು ನೋಡಿದಳು. ಮೂಲ ನಕ್ಷೆ ಹೊರದೇಶದ್ದು, ಅದರಲ್ಲಿ ಬ್ರೆಡ್ಡು, ಸೂಪು, ಬೇಯಿಸಿದ ಆಲೂಗಡ್ಡೆ ಇದ್ದವು. ಇಲ್ಲಿಯವರು ಇಡ್ಲಿ, ಅನ್ನ, ಚಪಾತಿ, ರೊಟ್ಟಿ ಸೇರಿಸಿದ್ದರು. ಮುದ್ದೆ ಇರಲಿಲ್ಲ. ಸಂಜೆಯೊಳಗೆ ಅವಳು ಮುದ್ದೆಯ ಪರೀಕ್ಷೆ ಬರೆದು ಪಟ್ಟಿಯ ಕೊನೆಗೆ ಸೇರಿಸಿದಳು. ಓಡಿಸಿದಾಗ ಹಸಿರು ಬಂತು. ನೆಮ್ಮದಿಯಿಂದ ಮನೆಗೆ ಹೋದಳು.

ಮನೆಯಲ್ಲಿ ಅವಳ ಗಂಡ ಶಿವಮಲ್ಲುವಿನ ಕತ್ತಿನಲ್ಲೂ ಒಂದು ಗುಟುಕು ಇತ್ತು.

ಶಿವಮಲ್ಲು ಹತ್ತೊಂಬತ್ತು ವರ್ಷ ಗುಂಡ್ಲುಪೇಟೆ ದಾರಿಯಲ್ಲಿ ಬಸ್ಸು ಓಡಿಸಿದವನು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಕೈಕಾಲು, ಮಾತು ಎಲ್ಲ ಮೆಲ್ಲಗೆ ಹಿಂದಿರುಗಿದರೂ ನುಂಗುವುದು ಮಾತ್ರ ಬರಲಿಲ್ಲ. ಎಂಟು ತಿಂಗಳು ಮೂಗಿನ ನಳಿಕೆಯಲ್ಲಿ ಗಂಜಿ ಇಳಿಸಿಕೊಂಡ. ಆ ಎಂಟು ತಿಂಗಳಲ್ಲಿ ಅವನು ಬೇರೆಯೇ ಮನುಷ್ಯನಾಗಿದ್ದ. ಒಗ್ಗರಣೆಯ ವಾಸನೆ ಬಂದರೆ ಎದ್ದು ಬೀದಿಗೆ ಹೋಗಿಬಿಡುತ್ತಿದ್ದ. ಗುಟುಕು ಕೂರಿಸಿದ ಮೇಲೆ ಮೊದಲ ತುತ್ತು ಮುದ್ದೆ ಇಳಿದಾಗ ಅತ್ತುಬಿಟ್ಟಿದ್ದ, ಅವನನ್ನು ನೋಡಿ ಗೌರಾ ಕೂಡ ಅತ್ತಿದ್ದಳು.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನು ಮಂಡ್ಯದ ಕಡೆ ಕಾಳೇನಕೊಪ್ಪಲಿನ ಸಣ್ಣೇಗೌಡ. ಆಲೆಮನೆಯ ಒಲೆ ಮುಂದೆ ಕೂತಿದ್ದಾಗಲೇ ಅವನಿಗೆ ಲಕ್ವ ಹೊಡೆದಿತ್ತಂತೆ. ಇಬ್ಬರಿಗೂ ಒಂದೇ ವಾರ ಗುಟುಕು ಕೂರಿಸಿದ್ದರು. ಅಂದಿನಿಂದ ದಿನಾ ಮಧ್ಯಾಹ್ನ ಫೋನು ತಪ್ಪುತ್ತಿರಲಿಲ್ಲ, ಮಾತೆಲ್ಲ ಊಟದ್ದೇ.

"ಇವತ್ತೇನ್ಲಾ ಸಾರು?"

"ಬಸ್ಸಾರು ಕನಪ್ಪ, ಸೊಪ್ಪಿಂದು."

"ಅಯ್ಯೋ, ದಿನಾ ಸೊಪ್ಪು ತಿಂದು ಮೇಕೆ ಆಗೋಗಿದ್ದೀಯ. ನಮ್ಮೂರಿಗೆ ಬಾ, ಉಣ್ಣದು ಅಂದ್ರೆ ಏನು ಅಂತ ತೋರಿಸ್ತೀನಿ."

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಮಲಗಿದರೆ ಸಾಕು, ಬಾಯಿಯ ಜೊಲ್ಲು ಹಿಂದಕ್ಕೆ ಹರಿಯುತ್ತಿತ್ತು. ಗುಟುಕು ಅದನ್ನೇ ತುತ್ತೆಂದು ತಿಳಿದು ಉಸಿರಿನ ಬಾಗಿಲು ಹಾಕುತ್ತಿತ್ತು, ಶಿವಮಲ್ಲು ಉಸಿರು ಕಟ್ಟಿ ಕೆಮ್ಮುತ್ತ ಎದ್ದು ಕೂರುತ್ತಿದ್ದ. ಕೂತೇ ನಿದ್ದೆ ಮಾಡಿ ಮಾಡಿ ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇದು ಅವನೊಬ್ಬನ ಗೋಳಲ್ಲ, ಮೂರು ಸಾವಿರದ ನೂರ ನಲವತ್ತು ಕೊರಳುಗಳಲ್ಲಿ ಅರ್ಧದಷ್ಟು ಕೊರಳುಗಳ ಗೋಳು.

"ನೀವೇ ಮಾಡಿರೋ ಮಿಷನ್ನು, ನಿಂಗೆ ಸರಿ ಮಾಡಕಾಗಲ್ವ?" ಎಂದು ಅವನು ಕೇಳುತ್ತಿದ್ದ.

ಮದ್ದು ಸಿದ್ಧವಾಗಿಯೇ ಇತ್ತು. ತಂತ್ರಾಂಶ ಬರೆಯುವವರು ಅದನ್ನು ಬರೆದು ಮೂರು ವಾರವಾಗಿತ್ತು. ಆದರೆ ಪರೀಕ್ಷೆಯಾಗದೆ ಯಾವುದೂ ಯಾರ ಕೊರಳಿಗೂ ಹೋಗುವಂತಿರಲಿಲ್ಲ. ಪರೀಕ್ಷೆ ಕಂಪ್ಯೂಟರಿನೊಳಗೆ ಆಗುವಂಥದ್ದಲ್ಲ. ನಿಜವಾದ ಗುಟುಕನ್ನು ರಬ್ಬರಿನ ಕೊರಳೊಂದಕ್ಕೆ ಜೋಡಿಸಿ ಮೇಜಿನ ಮೇಲೆ ಓಡಿಸಬೇಕು. ಅಂಥ ಮೇಜು ಇದ್ದದ್ದು ಒಂದೇ. ಅದರ ಮುಂದೆ ಹನ್ನೊಂದು ಬದಲಾವಣೆಗಳು ಸಾಲು ನಿಂತಿದ್ದವು.

ಪರೀಕ್ಷೆಗಳು ಸಾವಿರದ ನಾನೂರ ಅರವತ್ತು. ಒಂದಕ್ಕೆ ಹಿಡಿಯುವುದು ಒಂದು ಸೆಕೆಂಡು. ಆದರೆ ಒಂದು ಮುಗಿದ ಮೇಲೆ ಗುಟುಕಿನ ನೆನಪನ್ನೆಲ್ಲ ಅಳಿಸಿ ಹೊಸದಾಗಿ ಎಬ್ಬಿಸಬೇಕು, ಅದಕ್ಕೆ ಇಪ್ಪತ್ತೆಂಟು ಸೆಕೆಂಡು. ಗೌರಾಳ ಲ್ಯಾಬಿನಲ್ಲಿ ಇದಕ್ಕೆ ಎಂಜಲು ತೆಗೆಯುವುದು ಎನ್ನುತ್ತಿದ್ದರು. ಹೆಸರಿಟ್ಟವಳೂ ಅವಳೇ. ಹಿಂದಿನ ಪರೀಕ್ಷೆ ಉಂಡು ಬಿಟ್ಟುಹೋದದ್ದು ಮುಂದಿನದರ ಎಲೆಗೆ ತಾಗಬಾರದು. ತಾಗಿದರೆ ಬಂದ ಹಸಿರನ್ನು ನಂಬುವಂತಿಲ್ಲ. ಹೀಗೆ ಎಂಜಲು ತೆಗೆದು ತೆಗೆದು ಒಂದು ಸುತ್ತು ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಹನ್ನೆರಡು ಗಂಟೆ ಆಗುತ್ತಿತ್ತು. ನಡುವೆ ಒಂದು ಕೆಂಪು ಬಂದರೆ, ತಿದ್ದಿ ಮತ್ತೆ ಹನ್ನೆರಡು ಗಂಟೆ.

ಗೌರಾ ಇದಕ್ಕೊಂದು ಉಪಾಯ ಹುಡುಕಿದಳು. ಬುದ್ಧಿವಂತಿಕೆಯ ಉಪಾಯವೇ, ಅದನ್ನು ಅಲ್ಲಗಳೆಯುವಂತಿಲ್ಲ. ಮದುವೆಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಅವರು ಎದ್ದ ಮೇಲೆ ನೆಲ ಒರೆಸಿ, ಮತ್ತೊಬ್ಬರನ್ನು ಕರೆಯುವವರು ಯಾರಾದರೂ ಇದ್ದಾರೆಯೇ? ಪಂಕ್ತಿ ಹಾಕುತ್ತಾರೆ. ಅವಳೂ ಪಂಕ್ತಿ ಹಾಕಿದಳು. ಒಂದೇ ಜಾತಿಯ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಕೂರಿಸಿ ಅರವತ್ತೆರಡು ಪಂಕ್ತಿ ಮಾಡಿದಳು. ಅಳಿಸಿ ಎಬ್ಬಿಸುವುದು ಪಂಕ್ತಿಗೊಂದೇ ಸಲ. ಪಂಕ್ತಿಯೊಳಗೆ ಪ್ರತಿ ಪರೀಕ್ಷೆಯೂ ಏಳುವ ಮುಂಚೆ ತನ್ನ ಎಂಜಲನ್ನು ತಾನೇ ತೆಗೆದು ಹೋಗಬೇಕು ಎಂದು ನಿಯಮ ಮಾಡಿ, ಐದು ವಾರ ಕೂತು ಎಲ್ಲವನ್ನೂ ತಿದ್ದಿದಳು. ಹನ್ನೆರಡು ಗಂಟೆಯ ಕೆಲಸ ಐವತ್ತಮೂರು ನಿಮಿಷಕ್ಕೆ ಇಳಿಯಿತು. ಲ್ಯಾಬಿನವರು ಪೇಡ ಹಂಚಿದರು.

ಪಡಿಯಾರರು ಒಂದೇ ಪ್ರಶ್ನೆ ಕೇಳಿದರು. "ಪಂಕ್ತಿಯ ಒಳಗೆ ಹಿಂದುಮುಂದು ಮಾಡಿ ಓಡಿಸಿ ನೋಡಿದ್ರಾ ಮೇಡಂ? ಕೊನೆಯದ್ದನ್ನ ಮೊದಲು ಕೂರಿಸಿ?"

"ನೋಡ್ತೀನಿ ಸಾರ್. ಈ ಸಾಲು ಒಂದು ಕರಗಲಿ."

ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಕೂತೇ ತೂಕಡಿಸುತ್ತಿದ್ದ ಗಂಡ. ಜೊಲ್ಲಿನ ಮದ್ದಿನ ಸರದಿ ಮಾರನೆಯ ದಿನ ಬರುವುದಿತ್ತು.

ಆ ಮದ್ದು ಸರಳವಾಗಿತ್ತು. ಅದು ಗುಟುಕಿಗೆ ಹೊಸದೊಂದು ಗುರುತು ಕಲಿಸುತ್ತಿತ್ತು. ದವಡೆ ಆಡಿದರೆ ‘ಅಗಿದದ್ದಾಯಿತು’ ಎಂದು ಗುರುತು ಹಾಕಿಕೊಳ್ಳಬೇಕು, ಆ ಗುರುತು ಊಟ ಮುಗಿಯುವ ತನಕ ಉಳಿಯಬೇಕು. ತುಟಿ ಹೀರಿದರೆ ಅದು ನೀರು ಅಥವಾ ಗಂಜಿ. ಅಗಿಯದೆ, ಹೀರದೆ ನಾಲಿಗೆಯ ಹಿಂದೆ ಏನಾದರೂ ಬಂದರೆ ಅದು ಜೊಲ್ಲು, ಅದಕ್ಕೆ ಉಸಿರಿನ ಬಾಗಿಲನ್ನು ಅರ್ಧ ಮಾತ್ರ ಹಾಕಿದರೆ ಸಾಕು. ಬರೆದವರು ಬೆಂಗಳೂರಿನ ಜಾಣರು. ಅಗಿಯದೆ ನುಂಗುವ ಊಟವೊಂದು ಇದೆ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಾದ್ದೂ ಇರಲಿಲ್ಲ, ಅದನ್ನು ಹಿಡಿಯಲೆಂದೇ ಗೌರಾಳ ಪರೀಕ್ಷೆ ಇತ್ತು.

ಪರೀಕ್ಷೆ ಓಡಿತು. ಸಾವಿರದ ನಾನೂರ ಅರವತ್ತೂ ಹಸಿರು.

ಹೊಸ ತಂತ್ರಾಂಶ ಅಂದು ಸಂಜೆಯೇ ಗಾಳಿಯಲ್ಲಿ ಎಲ್ಲ ಕೊರಳುಗಳಿಗೂ ಇಳಿಯಿತು. ಶಿವಮಲ್ಲು ಒಂದೂವರೆ ವರ್ಷದ ಮೇಲೆ ಮೊದಲ ಸಲ ಕಾಲು ಚಾಚಿ ಮಲಗಿ ಗೊರಕೆ ಹೊಡೆದ. "ಎಂಥಾ ಗೊರ್ಕೆ ರೀ ನಿಮ್ಮದು," ಎಂದು ಗೌರಾ ಬೆಳಿಗ್ಗೆ ಬೈದಳು. ಹಾಗೆ ಬೈಯುವುದರಲ್ಲೂ ಒಂದು ಸುಖವಿತ್ತು. ಆ ಸುಖ ನಾಲ್ಕು ದಿನ ಇತ್ತು.

ಐದನೆಯ ದಿನ ಮಧ್ಯಾಹ್ನ ಶಿವಮಲ್ಲು ಕಾಳೇನಕೊಪ್ಪಲಿಗೆ ಫೋನು ಮಾಡಿದಾಗ ಎತ್ತಿದವರು ಬೇರೆ ಯಾರೋ. ಸಣ್ಣೇಗೌಡ ಹೋಗಿಬಿಟ್ಟಿದ್ದ. ಬೆಂಗಳೂರಿನ ಮಗಳ ಮನೆಯಲ್ಲಿ ನಾಲ್ಕು ದಿನ ಅನ್ನ ಚಪಾತಿ ಉಂಡು, ಅಂದು ಊರಿಗೆ ಬಂದು ಊಟಕ್ಕೆ ಕೂತಿದ್ದನಂತೆ. ಮೊದಲನೆಯ ತುತ್ತಿಗೇ ಉಸಿರು ಸಿಕ್ಕಿಕೊಂಡಿತಂತೆ.

ಗೌರಾ, ಶಿವಮಲ್ಲು ಇಬ್ಬರೂ ಮಣ್ಣು ಹಾಕಲು ಕಾಳೇನಕೊಪ್ಪಲಿಗೆ ಹೋದರು. ಅಂಗಳದಲ್ಲಿ ಕೂತವರು ಮೆಲುದನಿಯಲ್ಲಿ ಆಡಿಕೊಳ್ಳುತ್ತಿದ್ದರು. "ಮೊದ್ಲಿಂದ್ಲೂ ಆತ್ರಗಾರ ಕನ. ಗಬಗಬ ಅಂತ ನುಂಗ್ತಿದ್ದ." ಸಣ್ಣೇಗೌಡನ ಹೆಂಡತಿ ಜವರಮ್ಮ ಗೋಡೆಗೆ ಒರಗಿ ತನ್ನ ಎರಡು ಅಂಗೈಗಳನ್ನೇ ನೋಡುತ್ತ ಕೂತಿದ್ದಳು. ಗೌರಾ ಹತ್ತಿರ ಹೋಗಿ ಕೂತಾಗ ಆ ಕೈಗಳನ್ನು ಅವಳ ಮುಂದೆ ಹಿಡಿದಳು.

"ಈ ಕೈಯಾಗೆ ಕೊಂದ್ಬುಟ್ಟೆ ಕನವ್ವ. ಮುದ್ದೆ ಗಟ್ಟಿ ಆಗೋಗಿತ್ತೇನೋ. ಹಿಟ್ಟು ಒಂದು ಚಟಾಕು ಜಾಸ್ತಿ ಬಿತ್ತೇನೋ. ಇಷ್ಟು ವರ್ಸ ತಿರುವ್ದೋಳು, ಅವತ್ತೇ ಕೆಡಿಸ್ಬುಟ್ಟೆ."

ಗೌರಾ ಏನೋ ಸಮಾಧಾನ ಹೇಳಿದಳು. ಹೇಳಿದ್ದು ಏನೆಂದು ಅವಳಿಗೇ ಆಮೇಲೆ ನೆನಪಾಗಲಿಲ್ಲ, ಮನಸ್ಸು ಬೇರೆಲ್ಲೋ ಇತ್ತು. ಅದೇ ವಾರ ಇನ್ನಿಬ್ಬರು, ಒಬ್ಬರು ಹಾಸನದವರು, ಒಬ್ಬರು ಕೋಲಾರದವರು, ಊಟದ ನಡುವೆ ಉಸಿರುಗಟ್ಟಿ ಆಸ್ಪತ್ರೆ ಸೇರಿ ಬದುಕಿಕೊಂಡಿದ್ದರು. ಮೂವರೂ ಮುದ್ದೆಯ ಸೀಮೆಯವರೇ ಎಂಬುದು ಅವಳನ್ನು ಕೊರೆಯುತ್ತಿತ್ತು. ಆದರೆ ಶಿವಮಲ್ಲು ಆ ನಾಲ್ಕೂ ದಿನ ಅದೇ ಹೊಸ ತಂತ್ರಾಂಶದಲ್ಲಿ ದಿನಕ್ಕೆರಡು ಹೊತ್ತು ಮುದ್ದೆ ಉಂಡಿದ್ದ, ಏನೂ ಆಗಿರಲಿಲ್ಲ.

ಪ್ರತಿ ಗುಟುಕೂ ತಾನು ಮಾಡಿದ್ದನ್ನು ದಾಖಲಿಸಿ ಗಾಳಿಯಲ್ಲೇ ಲ್ಯಾಬಿಗೆ ಕಳಿಸುತ್ತದೆ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಗೌರಾ ಸಣ್ಣೇಗೌಡನ ಗುಟುಕಿನ ದಾಖಲೆಯನ್ನೂ ತನ್ನ ಗಂಡನ ದಾಖಲೆಯನ್ನೂ ಪಕ್ಕಪಕ್ಕದಲ್ಲಿ ತೆರೆದಳು. ಗಂಡನದರಲ್ಲಿ ಮುದ್ದೆ ಇಳಿದ ಹೊತ್ತಿಗೆಲ್ಲ ‘ತುತ್ತು, ಬಾಗಿಲು ಪೂರ್ತಿ’ ಎಂದಿತ್ತು. ಸಣ್ಣೇಗೌಡನದರಲ್ಲಿ ಕೊನೆಯ ಸಾಲು ‘ಜೊಲ್ಲು, ಬಾಗಿಲು ಅರ್ಧ’.

ಅವಳು ಗಂಡನ ದಾಖಲೆಯಲ್ಲಿ ಒಂದೆರಡು ನಿಮಿಷ ಹಿಂದಕ್ಕೆ ಹೋದಳು. ಪ್ರತಿ ಊಟದಲ್ಲೂ ಮುದ್ದೆಗೆ ಮುಂಚೆ ದವಡೆ ಆಡಿತ್ತು. ಬಸ್ಸಾರಿಗೆ ಬಸಿದ ಸೊಪ್ಪಿನ ಪಲ್ಯ! ಶಿವಮಲ್ಲುವಿಗೆ ತಟ್ಟೆಯಲ್ಲಿ ಪಲ್ಯ ಬಿದ್ದರೆ ತಡೆಯುತ್ತಿರಲಿಲ್ಲ, ಮುದ್ದೆ ಬಡಿಸುವಷ್ಟರಲ್ಲಿ ಅದನ್ನು ಅರ್ಧ ಮುಗಿಸಿರುತ್ತಿದ್ದ. ಪಲ್ಯ ಅಗಿದದ್ದರಿಂದ ಗುರುತು ಬಿದ್ದಿತ್ತು, ಆ ಗುರುತಿನ ಮೇಲೆ ಮುದ್ದೆ ಸಲೀಸಾಗಿ ಇಳಿದಿತ್ತು.

ಗೌರಾ ಮೇಜಿನ ಬಳಿ ಹೋಗಿ, ಗುಟುಕನ್ನು ಅಳಿಸಿ ಎಬ್ಬಿಸಿ, ಮುದ್ದೆಯ ಪರೀಕ್ಷೆಯೊಂದನ್ನೇ ಓಡಿಸಿದಳು. ಕೆಂಪು ಬಂತು. ಇನ್ನೊಮ್ಮೆ ಓಡಿಸಿದಳು. ಕೆಂಪು. ಪಂಕ್ತಿಯಲ್ಲಿ ಇಡ್ಲಿ, ಅನ್ನ, ಚಪಾತಿ, ರೊಟ್ಟಿಯ ಹಿಂದೆ ಕೂರಿಸಿ ಓಡಿಸಿದಳು, ಹಸಿರು. ‘ಅಗಿದದ್ದಾಯಿತು’ ಎಂಬ ಗುರುತು ಪಂಕ್ತಿ ಹಾಕಿದ ಮೇಲೆ ಗುಟುಕಿನೊಳಗೆ ಬಂದದ್ದು. ಅದನ್ನು ಒರೆಸಿ ಹೋಗಬೇಕೆಂದು ಹಳೆಯ ಪರೀಕ್ಷೆಗಳಿಗೆ ಯಾರೂ ಹೇಳಿರಲಿಲ್ಲ. ರೊಟ್ಟಿಯ ಪರೀಕ್ಷೆ ಎಂಜಲು ಬಿಟ್ಟು ಎದ್ದಿತ್ತು, ಮುದ್ದೆಯ ಪರೀಕ್ಷೆ ಅದೇ ಎಲೆಯಲ್ಲಿ ಉಂಡಿತ್ತು. ಕೊನೆಯದ್ದನ್ನು ಒಂದೇ ಒಂದು ಸಲ ಮೊದಲು ಕೂರಿಸಿದ್ದರೆ ಐವತ್ತಮೂರು ನಿಮಿಷದಲ್ಲಿ ತಿಳಿದುಹೋಗುತ್ತಿತ್ತು. ಅವಳು ಹತ್ತಿರದ ಸ್ಟೂಲನ್ನು ಎಳೆದುಕೊಂಡು ಕೂತಳು.

ಪಡಿಯಾರರು ಕೆಟ್ಟವರಲ್ಲ. ವಿಷಯ ತಿಳಿದ ಐದು ನಿಮಿಷದಲ್ಲಿ ಮೂರು ಸಾವಿರ ಮನೆಗಳಿಗೂ ‘ಯಾವುದೇ ಊಟಕ್ಕೆ ಮುಂಚೆ ಏನನ್ನಾದರೂ ಅಗಿಯಿರಿ’ ಎಂದು ಸಂದೇಶ ಕಳಿಸಿದರು. ತಂತ್ರಾಂಶ ತಿದ್ದಲು ಜನ ಕೂರಿಸಿದರು. ಆಮೇಲೆ ಬಾಗಿಲು ಹಾಕಿಕೊಂಡು ಗೌರಾಳ ಮುಂದೆ ಒಂದು ಕಾಗದ ಇಟ್ಟರು. ಸಾವಿನ ತನಿಖೆಯ ವರದಿ. ‘ಸಾಧನದಲ್ಲಿ ದೋಷ ಕಂಡುಬಂದಿಲ್ಲ. ರೋಗಿ ಆಹಾರವನ್ನು ಅಗಿಯದೆ ನುಂಗಿದ್ದು, ಆಹಾರ ಗಟ್ಟಿಯಾಗಿದ್ದು ಕಾರಣ.’ ಕೆಳಗೆ ಪರೀಕ್ಷಾ ವಿಭಾಗದವರ ಸಹಿಗೆ ಜಾಗ ಬಿಟ್ಟಿತ್ತು.

"ಇದು ಸುಳ್ಳು ಸಾರ್."

"ಗೊತ್ತುಂಟು. ನಾನೂ ಮನುಷ್ಯನೇ." ಪಡಿಯಾರರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಎರಡು ದಿನ ಕೊಡಿ. ಹಳೇ ರೀತಿಯಲ್ಲೇ, ಒಂದೊಂದಕ್ಕೂ ಎಂಜಲು ತೆಗೆದೇ ಪರೀಕ್ಷೆ ಮಾಡುವ. ಸರಿಯಾದದ್ದನ್ನ ಕಳಿಸುವ. ಇನ್ನು ಯಾರಿಗೂ ಏನೂ ಆಗುದಿಲ್ಲ. ಅದೇ ನೀವು ಸರ್ಕಾರದ ಮಂಡಳಿಗೆ ಬರೆದ್ರೆ ಎಂತ ಆಗ್ತದೆ ಹೇಳಿ. ನಮ್ಮ ಪರೀಕ್ಷೆಗಳನ್ನೇ ನಂಬುವ ಹಾಗಿಲ್ಲ ಅಂತ ಆಗ್ತದೆ. ಹಳೇದೂ ಇಲ್ಲ, ಹೊಸದೂ ಇಲ್ಲ, ಗುಟುಕು ಪೂರಾ ಬಂದ್. ಕಡಿಮೆ ಅಂದ್ರೆ ಆರು ತಿಂಗಳು. ಮೂರು ಸಾವಿರ ಜನರ ಮೂಗಿಗೆ ವಾಪಸು ನಳಿಕೆ. ಅದರಲ್ಲಿ ಒಬ್ಬರು ನಿಮ್ಮ ಯಜಮಾನ್ರು."

"ಸತ್ತವರ ಹೆಂಡ್ತಿ ತಾನೇ ಕೊಂದೆ ಅಂತ ಕೂತವ್ರೆ ಸಾರ್. ಇದಕ್ಕೆ ಸೈನ್ ಹಾಕಿದ್ರೆ, ಹೌದಮ್ಮ ನೀನೇ ಕೊಂದಿದ್ದು ಅಂತ ನಾನು ಬರೆದುಕೊಟ್ಟ ಹಾಗಾಗುತ್ತೆ."

"ಮನೆಗೆ ಹೋಗಿ ಯೋಚನೆ ಮಾಡಿ," ಎಂದರು ಪಡಿಯಾರರು.

ಅವಳು ಮನೆಗೆ ಹೋಗಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ಪಂಕ್ತಿ ಹಾಕಿದ್ದು, ಹಿಂದುಮುಂದು ಮಾಡಿ ನೋಡದೆ ಇದ್ದದ್ದು, ಪಲ್ಯ, ಕಾಗದ, ಯಾವುದನ್ನೂ ಮುಚ್ಚಿಡಲಿಲ್ಲ. ಶಿವಮಲ್ಲು ತಟ್ಟೆಯ ಮುಂದೆಯೇ ಕೂತಿದ್ದ. ಸಣ್ಣೇಗೌಡ ಸತ್ತದ್ದು ಅವನಿಗೆ ಅಣ್ಣ ಸತ್ತಷ್ಟೇ ದುಃಖ. ಅವನೇ ಮುಂದೆ ನಿಂತು ‘ಬರಿ, ಸತ್ಯ ಬರಿ’ ಎನ್ನುತ್ತಾನೆಂದು ಅವಳು ಎಣಿಸಿದ್ದಳು.

"ಈಗ ಬರ್ದ್ರೆ ಸಣ್ಣೇಗೌಡ ಎದ್ದು ಬತ್ತನಾ?"

"ಇಲ್ಲ."

"ಬರೀದೆ ಇದ್ರೆ ಇನ್ಯಾರಾರು ಸಾಯ್ತರಾ?"

"ಪಡಿಯಾರ್ ಸಾರ್ ಎರಡು ದಿನದಲ್ಲಿ ಸರಿ ಮಾಡ್ತಾರೆ. ಯಾರೂ ಸಾಯಲ್ಲ."

"ಮತ್ಯಾಕೆ?"

"ಜವರಮ್ಮ, ರೀ. ಅವರ ಕೈ ನೋಡಿದ್ರಲ್ಲ ನೀವೂ."

ಶಿವಮಲ್ಲು ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ಅಂದ. "ಆಯಮ್ಮನ ಮನ್ಸು ತಣ್ಣಗಾಗ್ಲಿ ಅಂತ ನನ್ ಬಾಯಿ ಹೊಲೀತಿಯ ನೀನು?"

ಗೌರಾ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು.

"ನಾ ಬ್ಯಾಡ ಅಂದ್ರೆ ಬುಟ್ಟೀಯ?"

"ಇಲ್ಲ," ಎಂದಳು. ಅದು ತನ್ನ ಬಾಯಿಂದ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

"ಹಂಗಾದ್ರೆ ಕೇಳಕೆ ಯಾಕ್ ಬಂದೆ?" ಎಂದು ಅವನು ತಟ್ಟೆ ಸರಿಸಿ ಎದ್ದುಹೋದ.

ಮಾರನೆಯ ಬೆಳಿಗ್ಗೆ ಅವಳು ಮಂಡಳಿಗೆ ಬರೆದಳು. ತನ್ನ ಹೆಸರು ಹಾಕಿ, ತಪ್ಪು ತನ್ನದೆಂದೂ ಬರೆದಳು. ಮೂರನೆಯ ದಿನ ಆದೇಶ ಬಂತು. ಹತ್ತು ಗಂಟೆಗೆ ಎಲ್ಲ ಗುಟುಕುಗಳನ್ನೂ ಮಲಗಿಸಬೇಕು. ಮಲಗಿಸುವ ಆಜ್ಞೆ ಪರೀಕ್ಷಾ ವಿಭಾಗದ ಮೇಜಿನಿಂದಲೇ ಹೋಗಬೇಕು, ಕಳಿಸುವ ಅಧಿಕಾರ ಇದ್ದವಳು ಅವಳೊಬ್ಬಳೇ. ಒಂಬತ್ತೂಮುಕ್ಕಾಲಿಗೆ ಮನೆಗೆ ಫೋನು ಮಾಡಿ, "ಏನಾದ್ರೂ ಬಾಯಲ್ಲಿದ್ರೆ ಉಗುಳಿಬಿಡಿ," ಎಂದಳು. ಅವನು ಫೋನು ಇಟ್ಟುಬಿಟ್ಟ. ಹತ್ತಕ್ಕೆ ಅವಳು ಆಜ್ಞೆ ಕಳಿಸಿದಳು. ಪರದೆಯ ಮೇಲೆ ಮೂರು ಸಾವಿರದ ನೂರ ಮೂವತ್ತೊಂಬತ್ತು ಚುಕ್ಕಿಗಳು ಒಂದೊಂದಾಗಿ ಆರಿದವು.

ಆಮೇಲಿನ ದಿನಗಳನ್ನು ಯಾರೂ ಹೊಗಳುವಂತಿಲ್ಲ. ಕಂಪನಿಯ ಗೇಟಿನ ಮುಂದೆ ಜನ ಸೇರಿದರು. ಅವರ ಸಿಟ್ಟು ಇದ್ದದ್ದು ಸಣ್ಣೇಗೌಡನ ಸಾವಿನ ಮೇಲಲ್ಲ, ಗುಟುಕು ನಿಲ್ಲಿಸಿದ್ದರ ಮೇಲೆ. "ನಮ್ಮವ್ವ ಮೊನ್ನೆ ತಾನೇ ಹೋಳಿಗೆ ತಿಂದಿದ್ಲು, ಇವತ್ತು ಮೂಗಲ್ಲಿ ನಳಿಕೆ," ಎಂದು ಒಬ್ಬ ಕೂಗಿದ. ಅವಳನ್ನು ಕೆಲಸದಿಂದ ದೂರ ಇಟ್ಟರು. ಒಂದು ತಿಂಗಳೊಳಗೆ ಚನ್ನಪಟ್ಟಣದಲ್ಲಿ ಒಬ್ಬ ಮುದುಕರು ನಳಿಕೆಯಿಂದ ಸೋಂಕು ತಗಲಿ ತೀರಿಕೊಂಡರು ಎಂಬ ಸುದ್ದಿ ಬಂತು. ಅವತ್ತು ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಶಿವಮಲ್ಲು ಬೈಯಲಿಲ್ಲ. ಹೊತ್ತು ಹೊತ್ತಿಗೆ ಅವಳು ಗಂಜಿ ಸೋಸಿ ನಳಿಕೆಗೆ ಹುಯ್ಯುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅವಳು ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ತನಗೆಂದು ತಣ್ಣನೆಯ ಮೊಸರನ್ನ ಕಲೆಸಿ ಹಿತ್ತಲಲ್ಲಿ ನಿಂತು ತಿನ್ನುತ್ತಿದ್ದಳು.

ಇಷ್ಟಕ್ಕೆಲ್ಲ ಅವಳು ಹಿಡಿದುಕೊಂಡಿದ್ದ ಆಸರೆ ಒಂದೇ, ಜವರಮ್ಮ. ಮಂಡಳಿಯ ತೀರ್ಪು ಎರಡು ತಿಂಗಳ ಮೇಲೆ ಹೊರಬಿತ್ತು. ದೋಷ ಸಾಧನದ್ದು, ಪರೀಕ್ಷೆಯದ್ದು, ಮನೆಯವರದ್ದಲ್ಲ. ಅದರ ಪ್ರತಿ ಅಂಚೆಯಲ್ಲಿ ಕಾಳೇನಕೊಪ್ಪಲಿಗೂ ಹೋಗಿತ್ತು. ಇಂಗ್ಲಿಷಿನ ಹನ್ನೆರಡು ಪುಟ. ಅದನ್ನು ಅಲ್ಲಿ ಓದಿ ಹೇಳುವವರು ಯಾರು ಎಂದುಕೊಂಡು ಗೌರಾ ತಾನೇ ಬೆಳಗಿನ ಬಸ್ಸು ಹತ್ತಿದಳು.

ಜವರಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊದಲಿಗಿಂತ ಅರ್ಧ ಇಳಿದುಹೋಗಿದ್ದಳು. ಲಕೋಟೆ ಒಡೆಯದೆ ಹಾಗೇ ಗೂಡಿನಲ್ಲಿತ್ತು. ಗೌರಾ ಅದನ್ನು ಒಡೆದು, ಓದಿ, ಒಂದೊಂದನ್ನೂ ಬಿಡಿಸಿ ಹೇಳಿದಳು. ಕೊರಳಿನ ಮಿಷನ್ನು ಮುದ್ದೆಯನ್ನು ಜೊಲ್ಲು ಎಂದುಕೊಂಡಿತು. ಹಾಗಾಗದಂತೆ ನೋಡಿಕೊಳ್ಳಬೇಕಿದ್ದವಳು ನಾನು. ನಾನು ಅವಸರ ಮಾಡಿದೆ.

ಜವರಮ್ಮ ಪೂರ್ತಿ ಕೇಳಿದಳು. "ಹಂಗಾದ್ರೆ ನನ್ ಮುದ್ದೆ ಸರ್ಯಾಗೇ ಇತ್ತಾ?"

"ಸರಿಯಾಗೇ ಇತ್ತು ಅಕ್ಕ. ನಿಮ್ಮ ಕೈದು ಏನೂ ತಪ್ಪಿಲ್ಲ."

"ಗಟ್ಟಿ ಆಗಿರ್ನಿಲ್ಲ?"

"ಗಟ್ಟಿ ಇದ್ರೂ ಅಷ್ಟೇ, ಮೆತ್ತಗಿದ್ರೂ ಅಷ್ಟೇ."

ಜವರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಎದೆ ಬಿಚ್ಚಿ ಅತ್ತ ಅಳು ಅದು. ಗೌರಾಳನ್ನು ಅವಳು ಬೈಯಲಿಲ್ಲ. ಬೈದಿದ್ದರೂ ಗೌರಾ ಸಂತೋಷದಿಂದ ಕೇಳುತ್ತಿದ್ದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ಎದೆ ಹಗುರವಾಯಿತು, ಇದಕ್ಕಾಗಿಯೇ ಅಷ್ಟೆಲ್ಲ ಮಾಡಿದ್ದು ಎಂದು ಅನ್ನಿಸಿತು. ಜವರಮ್ಮ ಕಣ್ಣು ಒರೆಸಿಕೊಂಡು, ಒಳಗೆ ಹೋಗಿ ಕಾಫಿ ಕಾಯಿಸಿ ತಂದು ಕೊಟ್ಟಳು. ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಒಂದು ಮಾತು ಕೇಳ್ಲಾ? ನಿನ್ ಗಂಡಂಗೂ ಅದೇ ಮಿಸನ್ನು ಅಲ್ವವ್ವ? ಆವಪ್ಪನೂ ಮುದ್ದೆ ಉಂಡ್ರಲ್ಲ, ಅವ್ರು ಹೆಂಗೆ ಉಳ್ಕಂಡ್ರು?"

"ಅವರು ಮುದ್ದೆಗಿಂತ ಮುಂಚೆ ಪಲ್ಯ ತಿಂತಿದ್ರು ಅಕ್ಕ. ಒಂದು ಸಲ ಏನಾದ್ರೂ ಅಗಿದುಬಿಟ್ರೆ ಮಿಷನ್ನಿಗೆ ಊಟ ಅಂತ ಗೊತ್ತಾಗ್ತಿತ್ತು. ಆಮೇಲೆ ಮುದ್ದೆ ಇಳಿದ್ರೂ ತೊಂದ್ರೆ ಇರ್ಲಿಲ್ಲ."

"ಏನಾರು ಅಂದ್ರೆ? ಒಂದು ತುಂಡು ಅಗಿದಿದ್ರೂ ಆಗದಾ?"

"ಆಗ್ತಿತ್ತು," ಎಂದುಬಿಟ್ಟಳು ಗೌರಾ. ಏಕೆ ಕೇಳುತ್ತಿದ್ದಾಳೆಂದು ಅವಳಿಗೆ ಆಗಿನ್ನೂ ತಿಳಿದಿರಲಿಲ್ಲ.

ಜವರಮ್ಮನ ಕೈ ನಿಂತಿತು. ಸುಲಿದ ಕಾಳು ಮೊರದಲ್ಲಿ ಹಾಗೇ ಉಳಿಯಿತು.

"ಮಗಳ ಮನೆಯಿಂದ ಬಂದವ್ರೆ ಅಂತ ಅವತ್ತು ನಾಟಿಕೋಳಿ ಸಾರು ಮಾಡಿದ್ದೆ ಕನವ್ವ. ಕೂತೇಟ್ಗೆ ತುಂಡು ಎತ್ಕಂಡ್ರು, ಬಾಯಿ ತಾವ್ಕೆ ತಂದಿದ್ರು. ನಾನೇ ಕೈ ಹಿಡ್ಕಂಡು ವಾಪಸ್ ತಟ್ಟೆಗೆ ಹಾಕಿಸ್ದೆ. ಮೊದ್ಲು ಮುದ್ದೆ ಉಣ್ಣಿ, ತುಂಡೇನು ಎದ್ದು ಓಡೋಯ್ತದಾ, ಅಂದೆ."